ಪಪ್ಪನ ಹೋಟೆಲ್ ನನ್ನ ಕೈಗೆ ಬಂದ ಬಗೆ

ಮುಂಬೈಯಲ್ಲಿ ಹೋಟೆಲ್ ಇರುವ ನಮ್ಮ ಕಡೆಯವರ ಯಾವ ಮನೆಗೆ ಹೋದರೂ ಮಕ್ಕಳಿಗೆ ಹೇಳುವ ಮಾತು ಒಂದೇ. ಚೆನ್ನಾಗಿ ಓದಿ, ಈ ಗಲ್ಲಾದಲ್ಲಿ ಮಾತ್ರ ಕೂರಬೇಡಿ. ಉಡುಪಿ, ಕಾರ್ಕಳ, ಕುಂದಾಪುರದ ಹಳ್ಳಿಗಳಿಂದ ಮೀಸೆ ಮೂಡುವ ಮೊದಲೇ ಬಂದು, ಟೇಬಲ್ ಒರೆಸಿ, ಹೋಟೆಲಿನ ಬೆಂಚಿನ ಮೇಲೆ ಮಲಗಿ ಮೇಲೆ ಬಂದವರು ಅವರು. ಮಕ್ಕಳಿಗೆ ಬೇರೆ ಬದುಕು ಬಯಸಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ತಲೆಮಾರು ಬ್ಯಾಂಕಿಗೆ, ಸಾಫ್ಟ್‌ವೇರಿಗೆ, ದುಬೈಗೆ ಹೋಯಿತು. ನನ್ನ ಅಣ್ಣ ಕೆನಡಾದಲ್ಲಿದ್ದಾನೆ. ನಾನು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತಿದ್ದೆ. ಈಗ ಪರೇಲಿನ ನಮ್ಮ ಹೋಟೆಲ್ ನಡೆಸುತ್ತಿದ್ದೇನೆ. ಬೆಳಗ್ಗೆ ಹಿಟ್ಟು ನೋಡುವುದರಿಂದ ಹಿಡಿದು ರಾತ್ರಿ ಗಲ್ಲಾ ಎಣಿಸುವವರೆಗೆ.

ಇದನ್ನು ಬರೆಯುವುದಕ್ಕೆ ಕಾರಣ ಇದೆ. ನನ್ನ ಹಾಗೆ ಹೋಟೆಲ್ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಈಗ ಫೋನ್ ಮಾಡಿ ಕೇಳುತ್ತಾರೆ. ಅಪ್ಪನಿಗೆ ವಯಸ್ಸಾಯಿತು, ತಮ್ಮನಿಗೆ ಮನಸ್ಸಿಲ್ಲ, ನಾನು ನಡೆಸಬಹುದಾ? ಅವರಿಗೆ ನಾನು ಹೇಳುವುದು ಇಷ್ಟು. ಜಾಗ, ಪಾತ್ರೆ, ಲೈಸೆನ್ಸ್ ಎಲ್ಲ ಕಾಗದದ ಮೇಲೆ ನಿಮ್ಮ ಹೆಸರಿಗೆ ಬರುತ್ತವೆ. ಅಪ್ಪನ ಮೇಲೆ ಜನ ಇಟ್ಟ ನಂಬಿಕೆ ಹಾಗೆ ಬರುವುದಿಲ್ಲ. ಅದನ್ನು ಒಬ್ಬೊಬ್ಬರ ಹತ್ತಿರವೂ ಬೇರೆಯಾಗಿ ಸಂಪಾದಿಸಬೇಕು. ನನಗೆ ಅದು ಹೇಗೆ ಆಯಿತು, ಎಲ್ಲಿ ಇನ್ನೂ ಆಗಿಲ್ಲ ಎನ್ನುವುದನ್ನು ಹೇಳುತ್ತೇನೆ.

ಪಪ್ಪ ಹುಟ್ಟಿದ್ದು ಕಾರ್ಕಳದ ಹತ್ತಿರದ ಒಂದು ಹಳ್ಳಿಯಲ್ಲಿ. ನಮ್ಮದು ಬಂಟರ ಮನೆ. ಒಂದಷ್ಟು ಗದ್ದೆ ಗೇಣಿಗೆ ಕೊಟ್ಟಿದ್ದರು. ಗೇಣಿಯ ಅಕ್ಕಿಯಲ್ಲೇ ಮನೆ ನಡೆಯುತ್ತಿತ್ತು. 1974ರ ಭೂಸುಧಾರಣೆ ಕಾಯ್ದೆ ತಿದ್ದುಪಡಿ ಬಂದ ಮೇಲೆ ಗದ್ದೆ ಉಳುವವರ ಹೆಸರಿಗೆ ಹೋಯಿತು. ಹೋದದ್ದು ನ್ಯಾಯವೇ. ತಲೆಮಾರುಗಳಿಂದ ಆ ಕೆಸರಿನಲ್ಲಿ ನಿಂತವರು ಅವರು. ಆದರೆ ಅಜ್ಜಿಯ ಮನೆಯಲ್ಲಿ ಉಣ್ಣುವ ಬಾಯಿಗಳು ಜಾಸ್ತಿ ಇದ್ದವು. ಹುಡುಗರು ಒಬ್ಬೊಬ್ಬರಾಗಿ ಬೊಂಬಾಯಿ ಬಸ್ಸು ಹತ್ತಿದರು. ಆಗ ಕೊಂಕಣ ರೈಲು ಇರಲಿಲ್ಲ. ಅದು ಪೂರ್ತಿಯಾಗಿದ್ದು 1998ರಲ್ಲಿ. ಘಟ್ಟ ಹತ್ತಿಳಿದು ಬಂದ ಪಪ್ಪ ಫೋರ್ಟ್‌ನಲ್ಲಿ ಸೋದರಮಾವನ ಹೋಟೆಲ್ ಸೇರಿದರು. ಹಗಲು ಕೆಲಸ, ಸಂಜೆಯ ಮೇಲೆ ಕನ್ನಡ ರಾತ್ರಿಶಾಲೆ. ಹೋಟೆಲ್ ಹುಡುಗರಿಗೆಂದೇ ನಡೆಯುತ್ತಿದ್ದ ಆ ಶಾಲೆಗಳಲ್ಲಿ ಓದಿ ವಕೀಲರಾದವರಿದ್ದಾರೆ, ಬ್ಯಾಂಕ್ ಸೇರಿದವರಿದ್ದಾರೆ. ಪಪ್ಪ ಎಸ್ಸೆಸ್ಸಿ ಮುಗಿಸಿದರು. ಅದರ ಮಾರ್ಕ್ಸ್ ಕಾರ್ಡು ಇನ್ನೂ ಕಪಾಟಿನಲ್ಲಿದೆ.

ಪರೇಲಿನ ಹೋಟೆಲ್ ಅವರ ಕೈಗೆ ಬಂದದ್ದು ಗಿರಣಿಗಳು ಕುಸಿದ ಮೇಲೆ. 1982ರ ಜನವರಿಯಲ್ಲಿ ದತ್ತಾ ಸಾಮಂತ್ ನೇತೃತ್ವದಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ಸುಮಾರು 2.5 ಲಕ್ಷ ಕಾರ್ಮಿಕರು ಹೊರಗೆ ಬಂದರು. ಬಹಳಷ್ಟು ಜನರಿಗೆ ಮತ್ತೆ ಒಳಗೆ ಹೋಗಲು ಆಗಲೇ ಇಲ್ಲ. ಪಾಳಿ ಮುಗಿಸಿ ಬರುವವರನ್ನೇ ನಂಬಿದ್ದ ಊಟದ ಮನೆಗಳು ಖಾಲಿಯಾದವು. ಅಂಥ ಒಂದು ಜಾಗವನ್ನು ಪಪ್ಪ ಪಗಡಿ ಕೊಟ್ಟು, ಅಂದರೆ ಬಾಡಿಗೆ ಹಕ್ಕಿಗೆ ಒಂದು ದೊಡ್ಡ ಮೊತ್ತ ಕೊಟ್ಟು, ಹಿಡಿದರು. ಮಾಮ ಸ್ವಲ್ಪ ಕೊಟ್ಟರು. ಊರಿನವರ ಚೀಟಿ ಎತ್ತಿದರು. ಅಮ್ಮನ ಕರಿಮಣಿ ಬಿಟ್ಟು ಉಳಿದ ಚಿನ್ನ ಅಡವಿಗೆ ಹೋಯಿತು. ಎಲ್ಲಿಯೂ ಒಂದು ಸಾಲಪತ್ರ ಇರಲಿಲ್ಲ. ಇಂಥವರ ಮಗ, ಇಂಥ ಗ್ರಾಮದವನು ಎಂದರೆ ಸಾಕಿತ್ತು. ಹಣ ಮುಳುಗಿಸಿ ಓಡಿಹೋದರೆ ಊರಿನ ಭೂತಕೋಲಕ್ಕೆ, ಮದುವೆಗೆ ಮುಖ ತೋರಿಸುವಂತಿರಲಿಲ್ಲ.

ಈ ನಂಟನ್ನು ನಾನು ಹಗುರವಾಗಿ ನೋಡುವುದಿಲ್ಲ. ಮುಂಬೈಯ ನಮ್ಮವರು ಕಟ್ಟಿದ ಸಂಸ್ಥೆಗಳೆಲ್ಲ ಅದರ ಮೇಲೇ ನಿಂತಿವೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು. ಬಂಟರ ಸಂಘ 1927ರದ್ದು. ಬಿಲ್ಲವರು 1978ರಲ್ಲಿ ಭಾರತ್ ಬ್ಯಾಂಕ್ ಶುರು ಮಾಡಿದರು. ದೊಡ್ಡ ಬ್ಯಾಂಕಿನ ಬಾಗಿಲಲ್ಲಿ ನಿಲ್ಲಲು ಹೆದರುತ್ತಿದ್ದವರಿಗೆ ತಮ್ಮವರದ್ದೇ ಒಂದು ಕೌಂಟರ್ ಸಿಕ್ಕಿತು. ಆದರೆ ಈ ನಂಟಿನ ಒಳಗೆ ಹೆಣ್ಣುಮಕ್ಕಳಿಗೆ ಜಾಗ ಎಲ್ಲಿತ್ತು? ಹಣ ಬೇಕಾದಾಗ ಅಮ್ಮನ ಚಿನ್ನ ಬಂತು. ಹೋಟೆಲಿನ ಮಾತುಕತೆಗೆ ಅಮ್ಮನನ್ನು ಯಾರೂ ಕರೆಯಲಿಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಮಹಾರಾಷ್ಟ್ರದಲ್ಲಿ ಹೋಟೆಲಿನ ಒಳಗೆ ಕೂತು ತಿನ್ನಲು ಮತ್ತೆ ಬಿಟ್ಟದ್ದು ಅಕ್ಟೋಬರ್ 5ಕ್ಕೆ, ಅದೂ ಅರ್ಧ ಜನರಿಗೆ. ಆ ತಿಂಗಳುಗಳಲ್ಲಿ ಪಪ್ಪ ಕುಗ್ಗಿದರು. ಹುಡುಗರೆಲ್ಲ ಊರಿಗೆ ಹೋಗಿದ್ದರು, ಬಾಡಿಗೆ ಮತ್ತು ಕರೆಂಟು ಬಿಲ್ಲು ನಿಂತಿರಲಿಲ್ಲ. ಮರುವರ್ಷ ಅವರ ಮೊಣಕಾಲು ಕೈಕೊಟ್ಟಿತು. ಗಲ್ಲಾದ ಸ್ಟೂಲಿನಲ್ಲಿ ಹೆಚ್ಚು ಹೊತ್ತು ಕೂರಲು ಆಗುತ್ತಿರಲಿಲ್ಲ. ಮನೆಯಲ್ಲಿ ಹಿರಿಯರೆಲ್ಲ ಸೇರಿದರು. ದೊಡ್ಡಪ್ಪ ನೇರವಾಗಿ ಹೇಳಿದರು. "ಕಂಡಕ್ಟಿಂಗಿಗೆ ಕೊಟ್ಟುಬಿಡಿ. ತಿಂಗಳಿಗೆ ಇಷ್ಟು ಅಂತ ಬರ್ತದೆ, ತಲೆಬಿಸಿ ಇಲ್ಲ."

ಕಂಡಕ್ಟಿಂಗ್ ಅಂದರೆ ಗೊತ್ತಿಲ್ಲದವರಿಗೆ ಹೇಳಬೇಕು. ಹೋಟೆಲ್, ಲೈಸೆನ್ಸ್ ನಿಮ್ಮ ಹೆಸರಲ್ಲೇ ಇರುತ್ತದೆ. ನಡೆಸುವವರು ಬೇರೆ. ಅವರು ಡಿಪಾಸಿಟ್ ಇಟ್ಟು ತಿಂಗಳು ತಿಂಗಳು ನಿಗದಿಯಾದ ಹಣ ಕೊಡುತ್ತಾರೆ. ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಇದು ಹಳೆಯ ಪದ್ಧತಿ. ಮಕ್ಕಳು ಬರದ ಹೋಟೆಲುಗಳು ಹೀಗೇ ಉಳಿದಿವೆ. ತಪ್ಪಲ್ಲ. ಆದರೆ ನಾನು ಪಪ್ಪನ ಲೆಕ್ಕದ ಪುಸ್ತಕ ನೋಡಿದ್ದೆ. ಲೋವರ್ ಪರೇಲಿನ ಗಿರಣಿ ಜಾಗಗಳಲ್ಲಿ ಆಫೀಸುಗಳು ಎದ್ದಿದ್ದವು. ಮಧ್ಯಾಹ್ನ ಒಂದರಿಂದ ಎರಡೂವರೆಯವರೆಗೆ ನಮ್ಮಲ್ಲಿ ಜಾಗ ಸಿಗುತ್ತಿರಲಿಲ್ಲ. ಚೆನ್ನಾಗಿ ನಡೆಸಿದರೆ ನನ್ನ ಸಂಬಳಕ್ಕಿಂತ ಒಳ್ಳೆಯ ದುಡಿಮೆ ಅದು. ನಾನು ನಡೆಸುತ್ತೇನೆ ಎಂದೆ.

"ಎಂತಕ್ಕೆ ಮಗಾ ಇದೆಲ್ಲ ನಿಂಗೆ?" ಎಂದರು ದೊಡ್ಡಪ್ಪ. "ಹೆಣ್ಣು ಹುಡುಗಿ ಗಲ್ಲಾದಲ್ಲಿ ಕೂತರೆ ಊರಲ್ಲಿ ಎಂತ ಹೇಳ್ತಾರೆ?"

ಆಗ ಅಮ್ಮ ಮಾತಾಡಿದರು. ಅವರು ಹಿರಿಯರ ಎದುರು ದನಿ ಎತ್ತಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. "ಊರಲ್ಲಿ ಮನೆ ಯಾರ ಹೆಸರಲ್ಲಿ ಉಂಟು ಬಾವ? ನಿಮ್ಮ ಅಪ್ಪಂದಾ, ಅಜ್ಜಿದಾ?" ಎಂದು ಕೇಳಿದರು.

ಆ ಪ್ರಶ್ನೆ ನನ್ನ ತಲೆಯಲ್ಲಿ ಬಹಳ ದಿನ ಉಳಿಯಿತು. ನಮ್ಮಲ್ಲಿ ಅಳಿಯಸಂತಾನ. ಕುಟುಂಬದ ಮನೆ, ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುತ್ತದೆ. ಮಾಮ ಯಜಮಾನಿಕೆ ಮಾಡಬಹುದು, ಆದರೆ ಸಂತಾನ ಎಣಿಸುವುದು ಅಜ್ಜಿಯಿಂದ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯ ಲೆಕ್ಕಾಚಾರ ಬಹಳ ಬದಲಾಗಿದೆ, ನಿಜ. ಆದರೂ ನಮ್ಮ ಬಳಿ (ಗೋತ್ರದ ಹಾಗೆ), ನಮ್ಮ ತರವಾಡು (ಕುಟುಂಬದ ಮೂಲ ಮನೆ) ಎಲ್ಲ ಇವತ್ತಿಗೂ ತಾಯಿಯದ್ದೇ. ಅಂಥ ಜನ ಘಟ್ಟ ಹತ್ತಿ ಮುಂಬೈಗೆ ಬಂದಾಗ ಹೋಟೆಲನ್ನು ಅಪ್ಪನಿಂದ ಮಗನಿಗೆ ಕೊಟ್ಟರು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಬಂದವರು ಗಂಡು ಹುಡುಗರು, ಮಲಗಿದ್ದು ಹೋಟೆಲಿನಲ್ಲಿ, ಹೆಂಗಸರು ಬಂದದ್ದು ಎಷ್ಟೋ ವರ್ಷದ ಮೇಲೆ. ಅಷ್ಟರಲ್ಲಿ ಹೋಟೆಲ್ ಗಂಡಸರದ್ದು ಎಂದು ಆಗಿಹೋಗಿತ್ತು. ಊರಿನ ಸಂಪ್ರದಾಯ ಉಳಿಸಿದ್ದೇವೆ ಎಂದು ಸಂಘದ ವೇದಿಕೆಗಳಲ್ಲಿ ಹೇಳುವಾಗ ಇದನ್ನೂ ಒಮ್ಮೆ ನೆನೆಯಬೇಕು ಅನ್ನಿಸುತ್ತದೆ ನನಗೆ.

ಕಾಗದದ ಕೆಲಸ ಶುರುವಾಯಿತು. ಮಾಲೀಕರು ಒಬ್ಬರೇ ಇರುವ ಹೋಟೆಲನ್ನು ಸುಮ್ನೆ ಹೆಸರು ತಿದ್ದಿ ಮಗಳಿಗೆ ಕೊಡಲು ಬರುವುದಿಲ್ಲ. ಜಿಎಸ್‌ಟಿ ನೋಂದಣಿ ಪಾನ್ ಸಂಖ್ಯೆಗೆ ಅಂಟಿಕೊಂಡಿರುತ್ತದೆ. ಪಾನ್ ಬದಲಾದರೆ ನೋಂದಣಿಯೂ ಹೊಸದೇ ಆಗಬೇಕು. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸಿಗೂ ಹೊಸದಾಗಿ ಅರ್ಜಿ. ಅದರ ಮೇಲೆ ಗುಮಾಸ್ತಾ (ಅಂಗಡಿಯ ನೋಂದಣಿ), ಪಾಲಿಕೆಯ ಹೆಲ್ತ್ ಲೈಸೆನ್ಸ್, ಅಗ್ನಿಶಾಮಕ ದಳದ ಕಾಗದ, ಗ್ಯಾಸು, ಕರೆಂಟು. ಎಲ್ಲ ಕಡೆ ಪಪ್ಪನ ಹೆಸರು. ನಮ್ಮ ವಕೀಲರು ಪಾಲುದಾರಿಕೆಯ ದಾರಿ ತೋರಿಸಿದರು. ಪಪ್ಪ ಮತ್ತು ನಾನು ಸೇರಿ ಒಂದು ಫರ್ಮ್ ಮಾಡುವುದು, ಅದನ್ನು ನೋಂದಾಯಿಸುವುದು, ಆಮೇಲೆ ಎಲ್ಲವನ್ನೂ ಆ ಫರ್ಮಿನ ಹೆಸರಿಗೆ ತರುವುದು.

ಪಪ್ಪ ಪೂರ್ತಿ ಬಿಟ್ಟುಕೊಡಲು ತಯಾರಿದ್ದರು. ವಕೀಲರು ಬೇಡ ಎಂದರು. ಕಾರಣ ಪಗಡಿ. ಬಾಡಿಗೆ ರಸೀದಿ ಪಪ್ಪನ ಹೆಸರಲ್ಲಿದೆ. ಅವರು ಹೊರಗೆ ಹೋಗಿ ಬೇರೆಯವರು ಒಳಗೆ ಬಂದರೆ, ಒಳಬಾಡಿಗೆಗೆ ಕೊಟ್ಟಿದ್ದಾರೆ ಎಂದು ಜಾಗದ ಮಾಲೀಕರು ಕೇಸು ಹಾಕಬಹುದು. ಬಾಡಿಗೆದಾರನೇ ಪಾಲುದಾರನಾಗಿ ಇದ್ದು, ವ್ಯವಹಾರದಲ್ಲಿ ನಿಜವಾಗಿಯೂ ಕೈ ಇಟ್ಟಿದ್ದರೆ ಆ ಭಯ ಇಲ್ಲ. ಇನ್ನೊಂದು ವಿಷಯವನ್ನೂ ಅವರು ಹೇಳಿದರು. ವ್ಯಾಪಾರದ ಜಾಗದ ಬಾಡಿಗೆ ಹಕ್ಕು ಮುಂದೆ ಮೊದಲು ಸಿಗುವುದು ಆ ವ್ಯಾಪಾರದಲ್ಲಿ ಜೊತೆಗೆ ಇದ್ದ ಮನೆಯವರಿಗೆ. ಬರೀ ಮಗಳು ಎಂದರೆ ಹಕ್ಕು ಅಷ್ಟು ಗಟ್ಟಿಯಲ್ಲ. ಹೋಟೆಲ್ ಮನೆಯ ಹೆಣ್ಣುಮಕ್ಕಳು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಅಪ್ಪ ಇರುವಾಗಲೇ ಹೋಟೆಲಿನ ಕಾಗದಗಳಲ್ಲಿ ನಿಮ್ಮ ಹೆಸರು, ಚೆಕ್ಕಿನಲ್ಲಿ ನಿಮ್ಮ ಸಹಿ ಇರಲಿ.

ಜಾಗದ ಮಾಲೀಕರು ಗುಜರಾತಿಗಳು. ಅವರ ಅಜ್ಜ ಕಛ್‌ನಿಂದ ಬಂದವರು. ನನ್ನ ಜೊತೆ ಮಾತಾಡಿದ್ದು ಮೊಮ್ಮಗ. ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವರೂ ಅಜ್ಜನ ಕಟ್ಟಡಗಳ ಹಳೆಯ ಕಡತಗಳನ್ನು ತೆರೆದು ಅರ್ಥ ಮಾಡಿಕೊಳ್ಳುತ್ತಿದ್ದರು. ನಮ್ಮ ಮಾತು ಸುಲಭವಾಗಿಯೇ ಮುಗಿಯಿತು. ಕಷ್ಟವಾದದ್ದು ಕಚೇರಿಗಳಲ್ಲಿ. ಒಂದು ಕೌಂಟರಿನಲ್ಲಿ ಅರ್ಜಿ ಕೊಟ್ಟಾಗ ಅಲ್ಲಿದ್ದವರು ನನ್ನ ಹಿಂದೆ ನೋಡಿ "ಮಾಲಕ ಕೋಣ?" (ಮಾಲೀಕರು ಯಾರು?) ಎಂದರು. ನಾನೇ ಎಂದೆ ಮರಾಠಿಯಲ್ಲಿ. ಗಂಡ ಬಂದಿಲ್ಲವಾ ಎಂದು ಕೇಳಿದರು. ಇನ್ನೊಂದು ಕಡೆ ನನ್ನ ಮರಾಠಿ ಕೇಳಿ ಖುಷಿಪಟ್ಟವರು ಅಡ್ರೆಸ್ ಪ್ರೂಫ್ ನೋಡಿ "ಆದರೂ ನೀವು ಮೂಲ ಎಲ್ಲಿಯವರು?" ಎಂದರು. ನಾನು ಹುಟ್ಟಿದ್ದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ. ಅದನ್ನೇ ಹೇಳಿದೆ. ಊರಿಗೆ ಹೋದರೆ ಅಲ್ಲಿ "ಬೊಂಬಾಯಿಯವರು ಬಂದರು" ಎನ್ನುತ್ತಾರೆ. ಎರಡೂ ಕಡೆ ಕೇಳಿ ಕೇಳಿ ಒಂದು ಕಾಲಕ್ಕೆ ನನಗೆ ಬೇಸರವಾಗುತ್ತಿತ್ತು. ಹೋಟೆಲಿನ ಕಾಗದಗಳ ಮೇಲೆ ನನ್ನ ಹೆಸರು, ಪರೇಲಿನ ವಿಳಾಸ ಒಟ್ಟಿಗೆ ಬಂದ ಮೇಲೆ ಆ ಬೇಸರ ಕಡಿಮೆಯಾಗಿದೆ. ಈ ಊರಿಗೆ ತೆರಿಗೆ ಕಟ್ಟುತ್ತೇನೆ, ಈ ಬೀದಿಯ ಜನಕ್ಕೆ ಊಟ ಕೊಡುತ್ತೇನೆ. ನಾನು ಇಲ್ಲಿಯವಳು.

ಅಡುಗೆಮನೆಯ ಕಥೆಯೇ ಬೇರೆ.

ನಮ್ಮ ಭಟ್ರು ಕುಂದಾಪುರದ ಕಡೆಯವರು. ಪಪ್ಪನ ಜೊತೆ ಮೊದಲಿನಿಂದ ಇದ್ದವರು. ನಾನು ಚಿಕ್ಕವಳಿದ್ದಾಗ ಬಿಸಿ ಉದ್ದಿನವಡೆಯನ್ನು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ನಾನು ನೋಟ್‌ಪುಸ್ತಕ ಹಿಡಿದು ಅಡುಗೆಮನೆಗೆ ಹೋದ ದಿನ ಅವರು ಕೆಲಸ ನಿಲ್ಲಿಸಿ ನೋಡಿದರು. "ಬರೆದುಕೊಳ್ಳುವುದು ಬೇಡ. ಕೈ ಹಾಕಿ ನೋಡಿ" ಎಂದರು. ಅಲ್ಲಿಯವರೆಗೆ ನೀನು ಎನ್ನುತ್ತಿದ್ದವರು ಅವತ್ತು ಬಹುವಚನಕ್ಕೆ ಬಂದಿದ್ದರು. ಗೌರವ ಎನ್ನುವುದಕ್ಕಿಂತ ಜಾಸ್ತಿ ಅದು ದೂರ ಎಂದು ನನಗೆ ಗೊತ್ತಾಯಿತು.

ದೋಸೆ ಹಿಟ್ಟು, ಇಡ್ಲಿ ಹಿಟ್ಟಿನ ಮೇಲೆ ಉಡುಪಿ ಹೋಟೆಲಿನ ಜೀವ ನಿಂತಿದೆ. ಏಪ್ರಿಲ್, ಮೇಯಲ್ಲಿ ಮುಂಬೈಯ ಸೆಕೆಗೆ ಹಿಟ್ಟು ಬೇಗ ಹುಳಿ ಬರುತ್ತದೆ. ಆಗ ತಣ್ಣೀರು, ಐಸು ಹಾಕಿ ರುಬ್ಬಬೇಕು, ತಡವಾಗಿ ರುಬ್ಬಬೇಕು. ಜುಲೈ ಮಳೆಯಲ್ಲಿ ಲೆಕ್ಕವೇ ಬೇರೆ. ಅಕ್ಕಿ ಹಳೆಯದಾದರೆ ನೀರು ಜಾಸ್ತಿ ಕುಡಿಯುತ್ತದೆ. ಉದ್ದು ಹೊಸದಾದರೆ ಚೆನ್ನಾಗಿ ಉಬ್ಬುತ್ತದೆ. ಇದೆಲ್ಲ ಭಟ್ರ ಬೆರಳಿನಲ್ಲಿತ್ತು. ಅವರು ರಜೆ ಹಾಕಿ ಊರಿಗೆ ಹೋದರೆ ಇಡ್ಲಿ ಕಲ್ಲಾಗುತ್ತಿತ್ತು. ಅದು ಹಾಗೇ ಇರಬೇಕು ಎಂದು ಅವರಿಗೂ ಒಳಗೊಳಗೆ ಅನ್ನಿಸುತ್ತಿತ್ತೋ ಏನೋ. ಅವರ ಬೆಲೆ ಅದರಲ್ಲಿತ್ತು. ನಾನು ಬೆಳಗಿನ ಜಾವದ ಮೊದಲ ಲೋಕಲ್ ಹಿಡಿದು ಬಂದು ಅವರ ಪಕ್ಕ ನಿಂತೆ. ಅವರು ಹೇಳಿದಂತೆ ಕೈ ಹಾಕಿದೆ. ಕೈ ತೊಳೆದು ಬಂದು ತೂಕ, ಹೊತ್ತು, ಸೆಕೆ ಎಲ್ಲ ಬರೆದಿಟ್ಟೆ. ಎರಡು ಮಳೆಗಾಲ ಕಳೆಯುವ ಹೊತ್ತಿಗೆ ನಮ್ಮ ಪುಸ್ತಕ ತಯಾರಾಯಿತು. ಅದರ ಮೊದಲ ಪುಟದಲ್ಲಿ ಭಟ್ರ ಹೆಸರು ಬರೆದಿದ್ದೇನೆ. ಅದನ್ನು ತೋರಿಸಿದಾಗ ಅವರು ಏನೂ ಹೇಳಲಿಲ್ಲ. ಸಂಜೆ ಚಹಾಕ್ಕೆ ಕೂತಾಗ, "ಸಾಂಬಾರಿನದ್ದೂ ಬರಿ ಮಗಾ, ಅದು ಬಿಟ್ಟುಹೋಗಿದೆ" ಎಂದರು.

ದೋಸೆ ಕಾವಲಿಯ ಮುಂದೆ ಈಗ ನಿಲ್ಲುವವನು ಒಡಿಶಾದ ಗಂಜಾಂ ಜಿಲ್ಲೆಯ ಹುಡುಗ. ಪಾತ್ರೆ ತೊಳೆಯುವವರು ಜಾರ್ಖಂಡಿನವರು, ಸಪ್ಲೈ ಮಾಡುವವರಲ್ಲಿ ಇಬ್ಬರು ಉತ್ತರ ಪ್ರದೇಶದವರು. ನಮ್ಮ ಕಡೆಯ ಹುಡುಗರು ಈ ಕೆಲಸಕ್ಕೆ ಬರುವುದು ನಿಂತು ಬಹಳ ಕಾಲವಾಯಿತು. ಕರಾವಳಿಯಲ್ಲಿ ಶಾಲೆ, ಕಾಲೇಜು ಬೆಳೆದವು. ಓದಿದವರಿಗೆ ಬೆಂಗಳೂರು, ಗಲ್ಫ್ ಹತ್ತಿರವಾದವು. ಒಳ್ಳೆಯದೇ ಆಯಿತು. ಆದರೆ ಇದರಿಂದ ಹೋಟೆಲಿನ ಒಳಗಿನ ಮಾತು ಬದಲಾಗಿದೆ. ಪಪ್ಪ ಹುಡುಗರನ್ನು ತುಳುವಿನಲ್ಲಿ ಗದರಿಸುತ್ತಿದ್ದರು, ತುಳುವಿನಲ್ಲೇ ಸಮಾಧಾನ ಮಾಡುತ್ತಿದ್ದರು. ಸಂಬಳ ಯಾವಾಗ ಎಂದು ಯಾರೂ ಕೇಳುತ್ತಿರಲಿಲ್ಲ, ಊರಲ್ಲಿ ಅಜ್ಜಿಗೆ ಮುಟ್ಟುತ್ತಿತ್ತು. ಗಂಜಾಂನ ಹುಡುಗನಿಗೆ ನಾನು ಯಾರ ಮೊಮ್ಮಗಳಾದರೇನು? ಅವನಿಗೆ ಬೇಕಾದದ್ದು ತಿಂಗಳ ಮೊದಲ ವಾರದಲ್ಲಿ ಖಾತೆಗೆ ಸಂಬಳ, ವಾರಕ್ಕೊಂದು ರಜೆ, ಮಲಗಲು ಒಂದು ರೂಮು. ಹೋಟೆಲಿನ ಬೆಂಚಿನ ಮೇಲೆ ಮಲಗುವುದನ್ನು ನಾನು ನಿಲ್ಲಿಸಿದೆ. ಹತ್ತಿರದ ಚಾಳಿನಲ್ಲಿ ಖೋಲಿ ಹಿಡಿದೆ. ಪಪ್ಪನಿಗೆ ಅದು ದುಂದು ಅನ್ನಿಸಿತು. "ನಾವೆಲ್ಲ ಬೆಂಚಿನ ಮೇಲೆ ಮಲಗಿದವರು" ಎಂದರು. ಅದಕ್ಕೇ ಪಪ್ಪ, ಎಂದೆ ನಾನು.

ಸಾಮಾನು ಕೊಡುವವರ ಹತ್ತಿರ ನಂಬಿಕೆ ಗಳಿಸುವುದು ಇನ್ನೂ ನಿಧಾನ. ಪಪ್ಪ ವಾಶಿಯ ಎಪಿಎಂಸಿಗೆ ಫೋನ್ ಮಾಡಿದರೆ ಅಕ್ಕಿ ಬರುತ್ತಿತ್ತು. ಹಣ ಹದಿನೈದು ದಿನಕ್ಕೊಮ್ಮೆ ಹೋಗುತ್ತಿತ್ತು. ನಾನು ಬಂದ ಮೇಲೆ ತೆಂಗಿನಕಾಯಿಯವರು ಸಹಿತ ಕ್ಯಾಶ್ ಕೇಳಿದರು. ಕೆಟ್ಟವರಲ್ಲ ಅವರು. ಮಗಳು ಎಷ್ಟು ದಿನ ನಡೆಸುತ್ತಾಳೋ, ನಾಳೆ ಮಾರಿಬಿಟ್ಟರೆ ಯಾರನ್ನು ಕೇಳುವುದು ಎಂಬ ಅಳುಕು. ನಾನು ಒಂದಷ್ಟು ಕಾಲ ಕ್ಯಾಶ್ ಕೊಟ್ಟೇ ತಂದೆ. ಅದಕ್ಕಾಗಿ ಕೈಯಲ್ಲಿ ಹೆಚ್ಚು ಹಣ ಇಟ್ಟುಕೊಳ್ಳಬೇಕಾಯಿತು. ಹೊಸದಾಗಿ ಕೈಗೆತ್ತಿಕೊಳ್ಳುವವರು ಈ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು. ಅಪ್ಪನ ಕಾಲದ ಲಾಭದ ಲೆಕ್ಕದಲ್ಲಿ ಅದು ಕಾಣುವುದಿಲ್ಲ. ಅಪ್ಪನ ಮುಖಕ್ಕೆ ಸಿಗುತ್ತಿದ್ದ ಸಾಲ ಅದು.

ಗ್ರೈಂಡರ್, ಫ್ರಿಜ್, ಹೊಗೆ ಹೋಗುವ ಚಿಮಣಿ ಬದಲಿಸಲು ಸಾಲ ಬೇಕಿತ್ತು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಎಂದು ಇದ್ದ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆಯ ಬಗ್ಗೆ ಓದಿದ್ದೆ. 2016ರಲ್ಲಿ ಬಂದದ್ದು, 2025ರವರೆಗೆ ಇತ್ತು. 10 ಲಕ್ಷದಿಂದ 1 ಕೋಟಿಯವರೆಗೆ ಸಾಲ. ಬ್ಯಾಂಕಿನವರು ವಿವರಿಸಿದರು. ಅದು ಹೊಸದಾಗಿ ಶುರು ಮಾಡುವ ಉದ್ಯಮಕ್ಕೆ ಮಾತ್ರ. ಪಾಲುದಾರಿಕೆಯಾದರೆ ಮಹಿಳೆಯ ಪಾಲು ಕನಿಷ್ಠ 51 ಶೇಕಡಾ ಇರಬೇಕಿತ್ತು. ನಡೆಯುತ್ತಿರುವ ಹೋಟೆಲನ್ನು ಮುಂದುವರಿಸುವವಳಿಗೆ ಅದು ಇರಲಿಲ್ಲ. ನಿಯಮ ಅರ್ಥವಾಯಿತು, ಆದರೆ ಒಪ್ಪಿಗೆಯಾಗಲಿಲ್ಲ. ನಿಲ್ಲುವ ಹಂತಕ್ಕೆ ಬಂದ ಹೋಟೆಲನ್ನು ಎತ್ತಿ ನಿಲ್ಲಿಸುವುದಕ್ಕೆ ಹೊಸದು ಶುರು ಮಾಡಿದಷ್ಟೇ ಧೈರ್ಯ ಬೇಕು. ಕೊನೆಗೆ ಮುದ್ರಾ ಸಾಲ ಸಿಕ್ಕಿತು. ಅದಕ್ಕೆ ಉಪಯೋಗವಾದದ್ದು ನನ್ನ ಹಳೆಯ ಕೆಲಸ. ಯುಪಿಐ ಮೂಲಕ ಬಂದ ಹಣ, ಜಿಎಸ್‌ಟಿ ರಿಟರ್ನ್, ದಿನದ ಬಿಲ್ಲು ಮೂರೂ ಒಂದಕ್ಕೊಂದು ಹೊಂದುವಂತೆ ಇಟ್ಟಿದ್ದೆ. ಪಪ್ಪ ಪಕ್ಕದಲ್ಲಿ ಕೂತು ನೋಡಿದರು. ಚಿನ್ನ ಅಡವಿಡದೆ ಅವರ ಹೋಟೆಲಿಗೆ ಬಂದ ಮೊದಲ ಹಣ ಅದು.

ಬೋರ್ಡಿನ ವಿಷಯ ಬಂದದ್ದು ಆ ಹೊತ್ತಿಗೇ. ಮಹಾರಾಷ್ಟ್ರ ಸರ್ಕಾರ 2022ರಲ್ಲಿ ನಿಯಮ ಬಿಗಿ ಮಾಡಿತ್ತು. ಅಂಗಡಿ ಬೋರ್ಡಿನಲ್ಲಿ ಮರಾಠಿ ದೇವನಾಗರಿಯಲ್ಲಿ ಇರಬೇಕು, ಉಳಿದ ಲಿಪಿಗಿಂತ ಸಣ್ಣದಾಗಿರಬಾರದು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅಂಗಡಿಯವರಿಗೆ ಎರಡು ತಿಂಗಳ ಸಮಯ ಕೊಟ್ಟಿತು. ನಮ್ಮ ಹಳೆಯ ಬೋರ್ಡಿನಲ್ಲಿ ಇಂಗ್ಲಿಷ್ ದೊಡ್ಡದಾಗಿ, ಮರಾಠಿ ಕೆಳಗೆ, ಎಡ ಮೂಲೆಯಲ್ಲಿ ಸಣ್ಣ ಕನ್ನಡ ಇತ್ತು. ಅಣ್ಣ ಫೋನಿನಲ್ಲಿ ಕನ್ನಡ ಬಿಟ್ಟುಬಿಡು, ಸುಮ್ನೆ ತೊಂದರೆ ಎಂದ. ಪಪ್ಪನೂ ಹಾಗೇ ಹೇಳಿದರು. ಅವರ ಭಯಕ್ಕೆ ಕಾರಣ ಇತ್ತು. 1960ರ ದಶಕದ ಕೊನೆಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ನಡೆದಾಗ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದ ಕಥೆಗಳನ್ನು ಮಾಮನ ಬಾಯಲ್ಲಿ ಕೇಳಿ ಬೆಳೆದವರು ಅವರು. ನಾನು ನಿಯಮ ಓದಿದೆ. ಮರಾಠಿ ಸಣ್ಣದಾಗಿರಬಾರದು ಎಂದಿತ್ತು, ಬೇರೆ ಲಿಪಿ ಇರಬಾರದು ಎಂದಿರಲಿಲ್ಲ. ಮರಾಠಿಯನ್ನು ಎಲ್ಲಕ್ಕಿಂತ ದೊಡ್ಡದಾಗಿ ಬರೆಸಿದೆ. ಮನಸ್ಸಿಟ್ಟು ಬರೆಸಿದೆ. ನಮಗೆ ಅನ್ನ ಕೊಟ್ಟ ಭಾಷೆ ಅದು. ಕನ್ನಡವನ್ನು ಅದೇ ಮೂಲೆಯಲ್ಲಿ ಉಳಿಸಿದೆ. ಈವರೆಗೆ ಯಾರೂ ಏನೂ ಹೇಳಿಲ್ಲ. ಗಿರಣಿ ಕಾಲದಿಂದ ಚಹಾಕ್ಕೆ ಬರುವ ಅಜ್ಜ ಒಬ್ಬರು ಹೊಸ ಬೋರ್ಡು ನೋಡಿ, ಜೊತೆಗಿದ್ದವರಿಗೆ ನನ್ನನ್ನು ತೋರಿಸಿ "ಅಣ್ಣಾಂಚೀ ಮುಲಗೀ" ಎಂದರು. ಅಣ್ಣನ ಮಗಳು, ಆ ಬೀದಿಗೆಲ್ಲ ಪಪ್ಪ ಅಣ್ಣ. ಆ ಬೀದಿಯಲ್ಲಿ ಅದಕ್ಕಿಂತ ದೊಡ್ಡ ಪರಿಚಯ ನನಗೆ ಬೇಕಿರಲಿಲ್ಲ.

ಮೆನುವಿನ ಬಗ್ಗೆಯೂ ಒಂದು ಮಾತು. ಉಡುಪಿ ಹೋಟೆಲ್ ಎಂದರೆ ಶುದ್ಧ ಸಸ್ಯಾಹಾರ. ಮಠದ ಅಡುಗೆಯ ಕೈಗಳು ಕಟ್ಟಿದ ಹೆಸರು ಅದು. ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ಇವತ್ತಿಗೂ ಬಾಳೆಲೆಯಲ್ಲಿ ಬಡಿಸುತ್ತದೆ. ನಮ್ಮ ಮನೆಯಲ್ಲಿ ಬಂಗುಡೆ ಪುಳಿಮುಂಚಿ ಇಲ್ಲದೆ ಭಾನುವಾರ ಆಗುವುದಿಲ್ಲ. ಹೋಟೆಲಿನಲ್ಲಿ ಮಾತ್ರ ಮೀನಿನ ಹೆಸರು ಎತ್ತುವಂತಿಲ್ಲ. ಬಂಟರು, ಬಿಲ್ಲವರು, ಎಲ್ಲರೂ ಉಡುಪಿಯ ಹೆಸರಿನಲ್ಲಿ ಇಡ್ಲಿ ವಡೆ ಮಾರಿ ಬದುಕು ಕಟ್ಟಿಕೊಂಡರು. ಚಿಕ್ಕವಳಿದ್ದಾಗ ಇದು ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ಈಗ ಇಲ್ಲ. ಆ ಹೆಸರು ಕೊಡುವ ಭರವಸೆಯನ್ನು ಉಳಿಸುವುದು ನಮ್ಮ ಕಸುಬು. ಅಡುಗೆಮನೆಗೆ ಮೊಟ್ಟೆಯನ್ನೂ ನಾನು ಬಿಟ್ಟಿಲ್ಲ. ಆದರೆ ಊರಿನದ್ದು ಎಂದು ನನಗೆ ಅನ್ನಿಸುವ ತಿಂಡಿಗಳನ್ನು ಒಂದೊಂದಾಗಿ ತಂದೆ. ನೀರುದೋಸೆ, ಗೋಳಿಬಜೆ, ಬನ್ಸ್, ಪತ್ರೊಡೆ. ಆಫೀಸಿನ ಹುಡುಗರು ಪಾವ್‌ಭಾಜಿಗೆ ಬಂದು ನೀರುದೋಸೆ ರುಚಿ ನೋಡುತ್ತಾರೆ. ಈ ದಾರಿ ಹೊಸದಲ್ಲ. ಮೂಲ್ಕಿ ಕಡೆಯಿಂದ ಬಂದ ಹಣ್ಣಿನ ವ್ಯಾಪಾರಿಯ ಮಗ ರಘುನಂದನ್ ಕಾಮತ್ 1984ರಲ್ಲಿ ಜುಹುವಿನಲ್ಲಿ ನ್ಯಾಚುರಲ್ಸ್ ಶುರು ಮಾಡಿದಾಗ ಬರೀ ಐಸ್‌ಕ್ರೀಮಿಗೆ ಜನ ಬರುತ್ತಾರೋ ಇಲ್ಲವೋ ಎಂದು ಪಾವ್‌ಭಾಜಿಯನ್ನೂ ಇಟ್ಟಿದ್ದರು. ಖಾರ ತಿಂದವರು ತಂಪು ಕೇಳಿದರು. ತಮ್ಮ ಅಣ್ಣನ ಹೋಟೆಲಿನಲ್ಲಿ ಕೆಲಸ ಮಾಡಿ ಕಲಿತವರು ಕಾಮತರು. 2024ರಲ್ಲಿ ಅವರು ತೀರಿಕೊಂಡಾಗ ಪಪ್ಪ ಗಲ್ಲಾದ ಹತ್ತಿರ ಕೂತು ಪೇಪರಿನ ಆ ಸುದ್ದಿಯನ್ನು ಭಟ್ರಿಗೆ ಗಟ್ಟಿಯಾಗಿ ಓದಿ ಹೇಳಿದರು.

ಇನ್ನೂ ಆಗದ ಕೆಲಸಗಳಿವೆ. ಹೋಟೆಲಿನವರ ಸಭೆಗೆ ಹೋದರೆ ಈಗಲೂ ಕೆಲವರು "ಅಪ್ಪ ಹೇಗಿದ್ದಾರೆ?" ಎಂದು ಕೇಳಿ, ನನ್ನ ಉತ್ತರ ಮುಗಿಯುವ ಮೊದಲೇ ಪಕ್ಕದವರತ್ತ ತಿರುಗುತ್ತಾರೆ. ಗ್ಯಾಸಿನ ದರ, ಆನ್‌ಲೈನ್ ಆ್ಯಪುಗಳ ಕಮಿಷನ್ ಬಗ್ಗೆ ನಾನು ಲೆಕ್ಕ ಇಟ್ಟು ಮಾತಾಡಿದರೆ ಕೇಳುತ್ತಾರೆ, ಆಮೇಲೆ ಪಪ್ಪನಿಗೆ ಫೋನ್ ಮಾಡಿ ಅದನ್ನೇ ಮತ್ತೆ ಕೇಳುತ್ತಾರೆ. ಪಪ್ಪ ಈಗ ಅವರಿಗೆ ನನ್ನ ನಂಬರ್ ಕೊಟ್ಟು ಫೋನ್ ಇಡುತ್ತಾರೆ. ಬೇರೆ ಹೋಟೆಲುಗಳ ಹೆಣ್ಣುಮಕ್ಕಳು ನಾಲ್ಕೈದು ಜನ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿದ್ದೇವೆ. ಅಕ್ಕಿಯ ದರ, ಯಾವ ಮೆಕ್ಯಾನಿಕ್ ಒಳ್ಳೆಯವನು, ಯಾವ ನೋಟಿಸಿಗೆ ಏನು ಉತ್ತರ, ಇಷ್ಟೇ ಅಲ್ಲಿ ಮಾತು. ಅಷ್ಟು ಸಾಕು.

ಈ ತಿಂಗಳು ಮನೆಯಲ್ಲಿ ಒಂದು ಚರ್ಚೆ ನಡೆಯುತ್ತಿದೆ. ಗಂಜಾಂನ ಹುಡುಗ ಕಲ್ಯಾಣದಲ್ಲಿ ಸ್ಟೇಷನ್ ಹತ್ತಿರ ಒಂದು ಸಣ್ಣ ಜಾಗ ನೋಡಿದ್ದಾನೆ. ಇಡ್ಲಿ, ದೋಸೆ, ಮೆದುವಡೆ ಮಾತ್ರ. ಅವನ ಊರಿನವರು ಸ್ವಲ್ಪ ಹಣ ಸೇರಿಸಿದ್ದಾರೆ. ಉಳಿದದ್ದಕ್ಕೆ ನನ್ನನ್ನು ಕೇಳಿದ. ಪಪ್ಪ ಕೂಡಲೇ ಕೊಟ್ಟುಬಿಡು ಎಂದರು, ಬರೆದುಕೊಳ್ಳುವುದು ಎಂತದ್ದು, ಒಳ್ಳೆಯ ಹುಡುಗ. ನಾನು ಬರೆದೇ ಕೊಡುತ್ತೇನೆ ಎಂದೆ. ಪಪ್ಪನಿಗೆ ಮಾಮ ಇದ್ದರು, ಹಿಂದೆ ಇಡೀ ಊರಿತ್ತು. ಈ ಹುಡುಗನಿಗೆ ಇಲ್ಲಿ ಅಂಥವರು ಯಾರೂ ಇಲ್ಲ. ಹಣ ಕೊಟ್ಟ ನಾನು ನಾಳೆ ಮನಸ್ಸು ಬದಲಿಸಿದರೆ ಅವನ ಕೈಯಲ್ಲಿ ಒಂದು ಕಾಗದ ಇರಬೇಕು. ವಕೀಲರು ಕರಡು ಮಾಡಿದ್ದಾರೆ. ಅವನ ಹೆಂಡತಿಯ ಹೆಸರನ್ನೂ ಸೇರಿಸಲು ಹೇಳಿದ್ದೇನೆ, ಅವಳು ಮುಂದಿನ ತಿಂಗಳು ಬ್ರಹ್ಮಪುರದಿಂದ ಬರುತ್ತಾಳೆ. ಶುರುವಿಗೆ ಹಿಟ್ಟು ನಮ್ಮ ಗ್ರೈಂಡರಿನಿಂದಲೇ ಹೋಗಲಿ ಎಂದು ಭಟ್ರು ಹೇಳುತ್ತಿದ್ದಾರೆ. ಕಿಲೋಗೆ ಎಷ್ಟು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನಾನು ಹೇಳಿದ ದರ ಜಾಸ್ತಿಯಾಯಿತು ಎಂದು ಹುಡುಗ ಚೌಕಾಸಿ ಮಾಡುತ್ತಿದ್ದಾನೆ.